ತಾಮ್ರದ ಖಾತೆ, ಆಮ್ಲಜನಕದ ಖಾತೆ: ಬೆಂಗಳೂರು ಎಲೆಕ್ಟ್ರಾನ್ ಹುಡುಕಿದ ಕಥೆ

ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ದಪ್ಪ ಹೊಟ್ಟೆಯ, ಸಣ್ಣ ಬಾಯಿಯ ಒಂದು ಕ್ಯಾನ್ ನೋಡಿರುತ್ತೀರಿ. ಹೋರಿಯ ವೀರ್ಯದ ಕಡ್ಡಿಗಳನ್ನು ಅದರೊಳಗೆ ಇಟ್ಟಿರುತ್ತಾರೆ. ಡಾಕ್ಟರು ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕಿ ಕೆಳಗೆ ಇಳಿಯುತ್ತದೆ. ಒಳಗಿರುವುದು ದ್ರವ ಸಾರಜನಕ. ಅದರ ತಣ್ಣಗಿನ ಮಟ್ಟ ಮೈನಸ್ 196 ಡಿಗ್ರಿ.

1987ರ ಮೊದಲ ತಿಂಗಳುಗಳಲ್ಲಿ ಜಗತ್ತಿನ ನೂರಾರು ವಿಜ್ಞಾನಿಗಳು ನಿದ್ದೆಗೆಟ್ಟು ಕೂತದ್ದು ಇದೇ ದ್ರವದ ನೆಪದಲ್ಲಿ. ಈ ಕ್ಯಾನಿನ ತಣ್ಪೊಂದೇ ಸಾಕು, ವಿದ್ಯುತ್ತು ಒಂದಿಷ್ಟೂ ಸೋರಿಕೆಯಿಲ್ಲದೆ ಹರಿಯುವ ವಸ್ತುವೊಂದು ಸಿಕ್ಕಿತ್ತು. ಆ ವಸ್ತುವಿನ ಒಳಗೆ ಎಲೆಕ್ಟ್ರಾನ್‌ಗಳು ಏನು ಮಾಡುತ್ತಿವೆ ಎಂದು ಇಣುಕಿ ನೋಡಿದ ಮೊದಲಿಗರಲ್ಲಿ ನಮ್ಮ ಬೆಂಗಳೂರಿನವರೂ ಇದ್ದರು. ಅವರು ನೋಡಿದ್ದರಲ್ಲಿ ಒಂದು ಮಾತು ನಿಂತಿತು, ಇನ್ನೊಂದು ನಿಲ್ಲಲಿಲ್ಲ. ಎರಡನ್ನೂ ಹೇಳಿದರೇ ಈ ಕಥೆ ಪೂರ್ತಿಯಾಗುವುದು.

ಸೂಪರ್ ಕಂಡಕ್ಟರ್ ಅಂದರೇನು?

ಹೆಸರು ಕೇಳಿ ಬಸ್ಸಿನ ಕಂಡಕ್ಟರ್ ನೆನಪಾದರೆ ತಪ್ಪಿಲ್ಲ. ಇಲ್ಲಿ ಕಂಡಕ್ಟರ್ ಅಂದರೆ ವಿದ್ಯುತ್ತನ್ನು ಸಾಗಿಸುವ ವಸ್ತು, ವಾಹಕ. ತಾಮ್ರ, ಅಲ್ಯೂಮಿನಿಯಂ ಒಳ್ಳೆಯ ವಾಹಕಗಳು. ಆದರೂ ಅವು ಒಂದಿಷ್ಟು ಸುಂಕ ವಸೂಲಿ ಮಾಡುತ್ತವೆ. ಟೀಸಿಯಿಂದ ದೂರದ ತೋಟದ ಪಂಪ್‌ಸೆಟ್‌ವರೆಗೆ ತಂತಿ ಎಳೆದವರಿಗೆ ಇದು ಗೊತ್ತು. ಟೀಸಿ ಹತ್ತಿರ ಸರಿಯಾಗಿದ್ದ ವೋಲ್ಟೇಜು ತೋಟದ ಕೊನೆಗೆ ಬರುವ ಹೊತ್ತಿಗೆ ಬಿದ್ದಿರುತ್ತದೆ. ತಂತಿ ಮುಟ್ಟಿದರೆ ಬೆಚ್ಚಗಿರುತ್ತದೆ (ಮುಟ್ಟಬೇಡಿ, ಮಾತಿಗೆ ಹೇಳಿದ್ದು). ಹರಿಯುವ ಎಲೆಕ್ಟ್ರಾನ್‌ಗಳು ದಾರಿಯ ಅಣುಗಳಿಗೆ ಡಿಕ್ಕಿ ಹೊಡೆದು ಶಾಖವಾಗಿ ಕಳೆದುಕೊಂಡ ಶಕ್ತಿ ಅದು.

1911ರಲ್ಲಿ ಹಾಲೆಂಡಿನ ಲೈಡನ್ ಊರಿನಲ್ಲಿ ಹೈಕ್ ಕಾಮರ್ಲಿಂಗ್ ಓನ್ನೆಸ್ ಎಂಬ ವಿಜ್ಞಾನಿ ಪಾದರಸವನ್ನು ಮೈನಸ್ 269 ಡಿಗ್ರಿವರೆಗೆ ತಣ್ಣಗೆ ಮಾಡಿದಾಗ ಈ ಸುಂಕ ಇದ್ದಕ್ಕಿದ್ದಂತೆ ಸೊನ್ನೆಯಾಯಿತು. ಅದೇ ಅತಿವಾಹಕತೆ. ಆದರೆ ಅಷ್ಟು ತಣ್ಣಗೆ ಮಾಡಲು ದ್ರವ ಹೀಲಿಯಂ ಬೇಕು. ಅದು ತುಂಬಾ ದುಬಾರಿ, ಹಿಡಿದಿಡುವುದೂ ಕಷ್ಟ. ಇವತ್ತಿಗೂ ದೊಡ್ಡಾಸ್ಪತ್ರೆಯ ಎಂಆರ್‌ಐ ಯಂತ್ರದ ಹೊಟ್ಟೆಯಲ್ಲಿರುವುದು ಇದೇ ಹಳೆಯ ಜಾತಿಯ ಅತಿವಾಹಕ, ನಯೋಬಿಯಂ ಮತ್ತು ಟೈಟಾನಿಯಂ ಬೆರಸಿದ ತಂತಿ, ಹೀಲಿಯಂ ತಣ್ಪಿನಲ್ಲಿ.

1957ರಲ್ಲಿ ಅಮೆರಿಕದ ಬಾರ್ಡೀನ್, ಕೂಪರ್, ಶ್ರೀಫರ್ ಇದಕ್ಕೆ ಕಾರಣ ಕೊಟ್ಟರು. ತುಂಬಾ ತಣ್ಣಗಾದಾಗ ಎಲೆಕ್ಟ್ರಾನ್‌ಗಳು ಎರಡೆರಡಾಗಿ ಜೋಡಿಯಾಗುತ್ತವೆ. ಜೋಡಿಗಳೆಲ್ಲ ಒಂದೇ ಹೆಜ್ಜೆ ಹಾಕುತ್ತವೆ, ಯಾರೂ ಡಿಕ್ಕಿ ಹೊಡೆಯುವುದಿಲ್ಲ. ಲೆಕ್ಕ ಚೆನ್ನಾಗಿ ಕೂತಿತು. ಆದರೆ 1973ರ ಹೊತ್ತಿಗೆ ಮೈನಸ್ 250 ಡಿಗ್ರಿ ಮುಟ್ಟಿದ ದಾಖಲೆ ಅಲ್ಲೇ ನಿಂತುಬಿಟ್ಟಿತು. ಇದರಾಚೆ ದಾರಿಯಿಲ್ಲ ಎಂದೇ ಬಹಳ ಜನ ನಂಬಿದ್ದರು.

ಬಸವನಗುಡಿಯ ಹುಡುಗ

ಈಗ ದಕ್ಷಿಣ ಬೆಂಗಳೂರಿಗೆ ಬರೋಣ. ಜಯನಗರ, ಬನಶಂಕರಿ, ಜೆ.ಪಿ. ನಗರ ಎಂದು ಇವತ್ತು ನಾವು ಕರೆಯುವ ಬಡಾವಣೆಗಳು ಎದ್ದು ನಿಲ್ಲುವ ಮೊದಲು, ಊರಿನ ಈ ಕಡೆಯ ಓದಿನ ಕೇಂದ್ರ ಬಸವನಗುಡಿ. ಅಲ್ಲಿನ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಹುಡುಗ ಚಿಂತಾಮಣಿ ನಾಗೇಶ ರಾಮಚಂದ್ರ ರಾವ್. ನಾವು ಸಿ.ಎನ್.ಆರ್. ರಾವ್ ಎಂದು ಕರೆಯುವವರು. ಹುಟ್ಟಿದ್ದು 1934ರ ಜೂನ್ 30ರಂದು. 1951ರಲ್ಲಿ, ಹದಿನೇಳನೇ ವಯಸ್ಸಿಗೆ, ಸೆಂಟ್ರಲ್ ಕಾಲೇಜಿನಿಂದ ಬಿಎಸ್ಸಿ. ಆಮೇಲೆ ಕಾಶಿಯಲ್ಲಿ ಎಂಎಸ್ಸಿ, 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ.

ರಾವ್ ಅವರು ಆರಂಭದಿಂದಲೂ ರೋಹಿತದ ಕಸುಬಿನವರು. ರೋಹಿತ ಅಂದರೆ ಬೆಳಕನ್ನು ಬಿಡಿಸಿ ನೋಡಿದಾಗ ಸಿಗುವ ಪಟ್ಟಿ. ಕಾಮನಬಿಲ್ಲು ಸೂರ್ಯನ ಬೆಳಕಿನ ರೋಹಿತ. ವಸ್ತುವಿನ ಮೇಲೆ ಬೆಳಕು ಬಿಟ್ಟು, ಅದು ಏನನ್ನು ನುಂಗಿತು, ಏನನ್ನು ಉಗುಳಿತು ಎಂದು ಅಳೆದು ಒಳಗಿನ ಗುಟ್ಟು ತಿಳಿಯುವ ವಿದ್ಯೆಗೆ ಸ್ಪೆಕ್ಟ್ರೋಸ್ಕೋಪಿ ಎನ್ನುತ್ತಾರೆ, ಕನ್ನಡದಲ್ಲಿ ರೋಹಿತದರ್ಶನ. ಈ ವಿದ್ಯೆಯ ಮೇಲೆ ರಾವ್ 1961ರಲ್ಲಿ ಒಂದು, 1963ರಲ್ಲಿ ಇನ್ನೊಂದು ಪುಸ್ತಕ ಬರೆದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ.

ಬಸವನಗುಡಿಯ ಇನ್ನೊಂದು ಹೆಸರನ್ನೂ ಇಲ್ಲಿ ಹೇಳಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಬಂದು ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಿಜ್ಞಾನಿಗಳನ್ನು ಕರೆಸಿ, ಟಿಕೆಟ್ಟಿಲ್ಲದೆ, ಯಾರು ಬೇಕಾದರೂ ಬಂದು ಕೂತು ಕೇಳುವ ಉಪನ್ಯಾಸಗಳು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬಾರದು ಎಂಬುದು ಎಚ್.ಎನ್. ಮೇಷ್ಟ್ರ ಪಾಠ. ದಕ್ಷಿಣ ಬೆಂಗಳೂರಿನ ಸಾಮಾನ್ಯ ಮನೆಗಳಿಗೂ ವಿಜ್ಞಾನದ ಮಾತು ಮುಟ್ಟಿದ್ದು ಇಂಥ ಕಡೆಯಿಂದ.

ಕೈಗೆ ಬಂದಿತ್ತು

1976ರಲ್ಲಿ ರಾವ್ ಕಾನ್ಪುರ ಐಐಟಿಯಿಂದ ಬೆಂಗಳೂರಿಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ ವಾಪಸಾದರು. ಮಲ್ಲೇಶ್ವರದ ಆಚೆಯ ಈ ಸಂಸ್ಥೆಯನ್ನು ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಜೆಮ್‌ಶೆಡ್‌ಜಿ ಟಾಟಾ ಕನಸು ಕಂಡು ಹಣ ಇಟ್ಟದ್ದು, ಮೈಸೂರು ಅರಸರು ಜಾಗ ಕೊಟ್ಟದ್ದು, 1909ರಲ್ಲಿ ಶುರುವಾದದ್ದು. ಅಲ್ಲಿ ರಾವ್ ಘನವಸ್ತುಗಳ ರಸಾಯನಶಾಸ್ತ್ರಕ್ಕೇ ಒಂದು ಪ್ರತ್ಯೇಕ ವಿಭಾಗ ಕಟ್ಟಿದರು.

ರಾವ್ ಮತ್ತು ಅವರ ಜೊತೆಗಾರ ಪಿ. ಗಂಗೂಲಿ ಬಹಳ ವರ್ಷಗಳಿಂದ ಬೆನ್ನು ಹತ್ತಿದ್ದು ಲೋಹ ಮತ್ತು ಆಮ್ಲಜನಕ ಸೇರಿದ ಪದರ ಪದರದ ಆಕ್ಸೈಡುಗಳನ್ನು. ಬದನವಾಳಿನ ಕಾಗದದ ಕಟ್ಟಿನಂತೆ ಒಂದರ ಮೇಲೊಂದು ಹಾಳೆ ಜೋಡಿಸಿಟ್ಟ ರಚನೆ ಇವುಗಳದ್ದು. 1973ರಲ್ಲೇ ಈ ಬಗ್ಗೆ ಅವರ ಲೇಖನ ಬಂದಿತ್ತು, 1984ರಲ್ಲಿ ಮತ್ತೊಂದು. ಅವರು ನೋಡುತ್ತಿದ್ದ ವಸ್ತುಗಳಲ್ಲಿ ಒಂದು, ಲ್ಯಾಂಥನಮ್ ಮತ್ತು ತಾಮ್ರದ ಆಕ್ಸೈಡು.

1986ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಜಾರ್ಜ್ ಬೆಡ್ನೋರ್ಜ್ ಮತ್ತು ಅಲೆಕ್ಸ್ ಮ್ಯುಲ್ಲರ್ ಇದೇ ಕುಟುಂಬದ ವಸ್ತುವಿಗೆ ಸ್ವಲ್ಪ ಬೇರಿಯಂ ಬೆರೆಸಿ ತಣ್ಣಗೆ ಮಾಡಿದರು. ಮೈನಸ್ 240 ಡಿಗ್ರಿಯ ಆಸುಪಾಸಿನಲ್ಲಿ ಅತಿವಾಹಕತೆ ಕಾಣಿಸಿತು. ಹದಿಮೂರು ವರ್ಷಗಳಿಂದ ನಿಂತಿದ್ದ ದಾಖಲೆ ಮುರಿಯಿತು. ಮರುವರ್ಷವೇ ಇಬ್ಬರಿಗೂ ನೊಬೆಲ್ ಬಂತು.

ಹಾಗಾದರೆ ಬೆಂಗಳೂರು ಸೋತಿತೇ? ವಸ್ತುವಿನ ಪರಿಚಯ ಇಲ್ಲಿತ್ತು, ಒಲೆಯೂ ಇತ್ತು. ಬೇರಿಯಂ ಬೆರೆಸಿ ಅತಿಶೀತಕ್ಕೆ ಇಳಿಸಿ ನೋಡುವ ಆ ಒಂದು ಹೆಜ್ಜೆ ಜ್ಯೂರಿಕ್‌ನಲ್ಲಿ ಬಿತ್ತು. ಫ್ರಾನ್ಸಿನ ಕಾನ್ ಊರಿನ ರಸಾಯನಶಾಸ್ತ್ರಜ್ಞರೂ ಬೇರಿಯಂ ಬೆರೆಸಿದ ಅಂಥದೇ ವಸ್ತುವನ್ನು 1985ರಲ್ಲೇ ಮಾಡಿ ಪ್ರಕಟಿಸಿದ್ದರು. ಜ್ಯೂರಿಕ್‌ನವರಿಗೆ ದಾರಿ ತೋರಿಸಿದ್ದು ಆ ಲೇಖನವೇ. ಹೊಲ ಉತ್ತವರೊಬ್ಬರು, ಬಿತ್ತಿದವರೊಬ್ಬರು, ಫಸಲು ಕೊಯ್ದವರೊಬ್ಬರು. ವಿಜ್ಞಾನದಲ್ಲಿ ಇದು ಹೊಸದಲ್ಲ.

ಕಪ್ಪು ಬಿಲ್ಲೆಯ ಗುರುತು

1987ರ ಆರಂಭದಲ್ಲಿ ಅಮೆರಿಕದಲ್ಲಿ ಪಾಲ್ ಚು ಮತ್ತು ಎಂ.ಕೆ. ವು ತಂಡಗಳು ಲ್ಯಾಂಥನಮ್ ಜಾಗದಲ್ಲಿ ಇಟ್ರಿಯಂ ಹಾಕಿ ನೋಡಿದವು. ಮೈನಸ್ 180 ಡಿಗ್ರಿಯಲ್ಲೇ ಅತಿವಾಹಕತೆ! ಅಂದರೆ ಪಶು ಆಸ್ಪತ್ರೆಯ ಕ್ಯಾನ್ ಸಾಕು. ಮಾರ್ಚ್ 18ರ ರಾತ್ರಿ ನ್ಯೂಯಾರ್ಕಿನ ಹಿಲ್ಟನ್ ಹೋಟೆಲಿನಲ್ಲಿ ಭೌತವಿಜ್ಞಾನಿಗಳ ಸಭೆ ಸೇರಿದಾಗ ಒಳಗೆ ಜಾಗವಿಲ್ಲದೆ ಜನ ಹೊರಗೆ ಟಿವಿ ಪರದೆ ಮುಂದೆ ನಿಂತರು. ಬೆಳಗಿನ ಜಾವದವರೆಗೆ ಭಾಷಣಗಳು ನಡೆದವು.

ಆದರೆ ಒಂದು ತೊಡಕಿತ್ತು. ಮೊದಲು ಸಿಕ್ಕ ಬಿಲ್ಲೆ ಶುದ್ಧ ವಸ್ತುವಲ್ಲ. ಅದರಲ್ಲಿ ಹಸಿರು ಪುಡಿಯೂ ಇತ್ತು, ಕಪ್ಪು ಪುಡಿಯೂ ಇತ್ತು. ಅತಿವಾಹಕ ಯಾವುದು? ಅದರ ಲೆಕ್ಕಾಚಾರವೇನು? ಜಗತ್ತಿನ ಹಲವು ತಂಡಗಳು ಒಟ್ಟಿಗೇ ಓಡಿದವು. ಬೆಂಗಳೂರಿನ ತಂಡವೂ ಓಡಿತು. ಸಿ.ಎನ್.ಆರ್. ರಾವ್, ಪಿ. ಗಂಗೂಲಿ, ಎ.ಕೆ. ರಾಯಚೌಧುರಿ, ಆರ್.ಎ. ಮೋಹನ್ ರಾಮ್, ಕೆ. ಶ್ರೀಧರ್ ಸೇರಿ ಬರೆದ ಲೇಖನ 1987ರ ಏಪ್ರಿಲ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಉತ್ತರ: ಕಪ್ಪು ವಸ್ತು. ಒಂದು ಪಾಲು ಇಟ್ರಿಯಂ, ಎರಡು ಪಾಲು ಬೇರಿಯಂ, ಮೂರು ಪಾಲು ತಾಮ್ರ, ಹೆಚ್ಚು ಕಡಿಮೆ ಏಳು ಪಾಲು ಆಮ್ಲಜನಕ. ಅದಕ್ಕೇ ಇದನ್ನು '123' ಎಂದು ಕರೆಯುತ್ತಾರೆ.

ಇದನ್ನು ಮಾಡುವ ವಿಧಾನ ಕೇಳಿದರೆ ಆಶ್ಚರ್ಯವಾದೀತು. ಇಟ್ರಿಯಂ ಆಕ್ಸೈಡು, ಬೇರಿಯಂ ಕಾರ್ಬೋನೇಟು, ತಾಮ್ರದ ಆಕ್ಸೈಡು ಮೂರನ್ನೂ ತೂಕ ಮಾಡಿ ಕುಟ್ಟಾಣಿಯಲ್ಲಿ ನುಣ್ಣಗೆ ಅರೆಯಬೇಕು. ಸುಮಾರು 900ರಿಂದ 950 ಡಿಗ್ರಿ ಶಾಖದಲ್ಲಿ ಸುಡಬೇಕು. ಮತ್ತೆ ಅರೆದು, ಬಿಲ್ಲೆ ಒತ್ತಿ, ಮತ್ತೆ ಸುಟ್ಟು, ಕೊನೆಗೆ ಆಮ್ಲಜನಕದ ಗಾಳಿ ಬಿಡುತ್ತಾ ನಿಧಾನವಾಗಿ ಆರಿಸಬೇಕು. ಕುಂಬಾರರ ಕೆಲಸಕ್ಕೆ ಇದು ದೂರದ್ದಲ್ಲ. ಕೊನೆಯ ಆ ಆಮ್ಲಜನಕದ ಹದ ತಪ್ಪಿದರೆ ಮಾತ್ರ ಎಲ್ಲ ಹೋಯಿತು. ಏಳು ಪಾಲು ಇರಬೇಕಾದ ಆಮ್ಲಜನಕ ಆರರ ಹತ್ತಿರಕ್ಕೆ ಇಳಿದರೆ ಅದೇ ಬಿಲ್ಲೆ ವಿದ್ಯುತ್ತನ್ನೇ ಬಿಡದ ಮಡಕೆ ಚೂರಾಗುತ್ತದೆ.

ಯಾಕೆ ಹೀಗೆ? ಒಂದು ಪಾಲು ಆಮ್ಲಜನಕದಲ್ಲಿ ಅಂಥದ್ದೇನಿದೆ? ಇಲ್ಲಿಂದಲೇ ಎಲೆಕ್ಟ್ರಾನ್‌ಗಳ ಹುಡುಕಾಟ ಶುರು.

ಸೊಸೈಟಿ ಲೆಕ್ಕ

ನಮ್ಮ ಹಳ್ಳಿಯ ಸಹಕಾರ ಸಂಘದ ಖಾತೆ ಪುಸ್ತಕ ನೆನೆಯಿರಿ. ಈ ವಸ್ತುವಿನಲ್ಲಿ ಲೋಹಗಳು ಎಲೆಕ್ಟ್ರಾನ್ ಕೊಡುವವರು, ಆಮ್ಲಜನಕ ಪಡೆಯುವವರು. ಒಂದು ಆಮ್ಲಜನಕಕ್ಕೆ ಎರಡು ಎಲೆಕ್ಟ್ರಾನ್ ಬೇಕು. ಏಳು ಆಮ್ಲಜನಕಕ್ಕೆ ಹದಿನಾಲ್ಕು. ಇಟ್ರಿಯಂ ಮೂರು ಕೊಡುತ್ತದೆ. ಬೇರಿಯಂ ತಲಾ ಎರಡು, ಇಬ್ಬರಿಂದ ನಾಲ್ಕು. ಒಟ್ಟು ಏಳಾಯಿತು. ಇನ್ನೂ ಏಳು ಬೇಕು. ಅದು ಮೂರು ತಾಮ್ರಗಳಿಂದ ಬರಬೇಕು.

ತಾಮ್ರ ಸಾಮಾನ್ಯವಾಗಿ ಎರಡು ಕೊಡುತ್ತದೆ. ಮೂರು ತಾಮ್ರ ಆರು ಕೊಟ್ಟವು. ಒಂದು ಕಡಿಮೆ ಬಿತ್ತು.

ಈ ಒಂದರ ಕೊರತೆ ಯಾರ ಖಾತೆಗೆ? ಮೂರರಲ್ಲಿ ಒಂದು ತಾಮ್ರ ಹೊಟ್ಟೆ ಕಟ್ಟಿ ಮೂರನೇ ಎಲೆಕ್ಟ್ರಾನ್ ಕೊಟ್ಟಿದೆಯೇ? ಅಥವಾ ಆಮ್ಲಜನಕಗಳೇ ತಮಗೆ ಬರಬೇಕಾದ್ದರಲ್ಲಿ ಒಂದು ಕಡಿಮೆ ತೆಗೆದುಕೊಂಡು ಸುಮ್ಮನಿವೆಯೇ? ಕಾಗದದ ಮೇಲೆ ಎರಡೂ ಲೆಕ್ಕ ಸರಿ. ರಸಾಯನಶಾಸ್ತ್ರದ ರೂಢಿಯಂತೆ ಮೊದಲಿಗೆ ಬಹಳ ಜನ ಬರೆದದ್ದು ತಾಮ್ರದ ಹೆಸರನ್ನು.

ಈ ಕೊರತೆ ಸಣ್ಣ ವಿಷಯವಲ್ಲ. ಅದೇ ವಿದ್ಯುತ್ತಿನ ದಾರಿ. ಸೀಟುಗಳೆಲ್ಲ ತುಂಬಿದ ಬಸ್ಸಿನಲ್ಲಿ ಯಾರೂ ಅಲುಗಾಡಲಾರರು. ಒಂದು ಸೀಟು ಖಾಲಿಯಾದರೆ ಪಕ್ಕದವರು ಅಲ್ಲಿಗೆ ಸರಿಯುತ್ತಾರೆ, ಅವರ ಜಾಗಕ್ಕೆ ಇನ್ನೊಬ್ಬರು. ಖಾಲಿ ಸೀಟೇ ಬಸ್ಸಿನ ಉದ್ದಕ್ಕೂ ಓಡಾಡಿದಂತೆ ಕಾಣುತ್ತದೆ. ಈ ಕಪ್ಪು ಬಿಲ್ಲೆಯಲ್ಲಿ ವಿದ್ಯುತ್ತು ಹರಿಯುವುದು ಹೀಗೆ, ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳ ಓಡಾಟದಿಂದ. ಆ ಖಾಲಿ ಸೀಟು ತಾಮ್ರದ ಸಾಲಿನಲ್ಲಿದೆಯೋ ಆಮ್ಲಜನಕದ ಸಾಲಿನಲ್ಲಿದೆಯೋ ಗೊತ್ತಾಗದೆ ಅತಿವಾಹಕತೆಗೆ ಕಾರಣ ಹೇಳಹೊರಡುವುದು, ರೋಗಿಯ ನಾಡಿ ಹಿಡಿಯದೆ ಔಷಧಿ ಬರೆದಂತೆ.

ಎಲೆಕ್ಟ್ರಾನನ್ನು ಹೊರಗೆ ಎಳೆದು ಕೇಳುವುದು

ಎಲೆಕ್ಟ್ರಾನ್ ಯಾವ ಸೂಕ್ಷ್ಮದರ್ಶಕಕ್ಕೂ ಕಾಣುವ ವಸ್ತುವಲ್ಲ. ಅದರ ಮನೆ ಯಾವುದು ಎಂದು ತಿಳಿಯಲು ಬೇರೆ ಉಪಾಯ ಬೇಕು. ಬೆಳಕು ಬಿದ್ದರೆ ಲೋಹದಿಂದ ಎಲೆಕ್ಟ್ರಾನ್ ಹೊರಗೆ ಹಾರುತ್ತದೆ ಎಂಬುದಕ್ಕೆ 1905ರಲ್ಲಿ ಐನ್‌ಸ್ಟೀನ್ ಲೆಕ್ಕ ಕೊಟ್ಟಿದ್ದರು. ಸ್ವೀಡನ್ನಿನ ಉಪ್ಸಾಲಾದಲ್ಲಿ ಕಾಯ್ ಸೀಗ್‌ಬಾನ್ ಅದನ್ನೇ ಅಳತೆಯ ಉಪಕರಣ ಮಾಡಿದರು. ಅದಕ್ಕಾಗಿ ಅವರಿಗೆ 1981ರಲ್ಲಿ ನೊಬೆಲ್ ಬಂತು.

ಕೆಲಸ ಹೀಗೆ. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಪೆಟ್ಟಿಗೆಯಲ್ಲಿ ವಸ್ತು ಇಟ್ಟು ಅದರ ಮೇಲೆ ಎಕ್ಸ್-ರೇ ಬಿಡುತ್ತಾರೆ. ಎಕ್ಸ್-ರೇಯ ಶಕ್ತಿ ಮೊದಲೇ ಗೊತ್ತು. ಅಲ್ಯೂಮಿನಿಯಂನಿಂದ ಬರುವುದಾದರೆ 1486.6 ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನ್ ಹೊರಗೆ ಹಾರಿದಾಗ ಅದರ ವೇಗ ಅಳೆಯುತ್ತಾರೆ. ಕೊಟ್ಟದ್ದರಲ್ಲಿ ಉಳಿದದ್ದು ಕಳೆದರೆ, ಮನೆಯಿಂದ ಹೊರಬರಲು ಅದು ಕೊಟ್ಟ ಸುಂಕ ಎಷ್ಟು ಎಂದು ತಿಳಿಯುತ್ತದೆ. ಸಂತೆಗೆ ಐನೂರು ರೂಪಾಯಿ ಕೊಟ್ಟು ಕಳಿಸಿದ ಮಗ ಎಷ್ಟು ಚಿಲ್ಲರೆ ತಂದ ಎಂದು ನೋಡಿ ಖರ್ಚು ಲೆಕ್ಕ ಹಾಕಿದ ಹಾಗೆ.

ಈ ಸುಂಕ ಒಂದೊಂದು ಧಾತುವಿಗೂ ಬೇರೆ. ತಾಮ್ರದ ಒಂದು ಒಳಮನೆಯ ಎಲೆಕ್ಟ್ರಾನಿಗೆ ಸುಮಾರು 933, ಆಮ್ಲಜನಕದ್ದಕ್ಕೆ ಸುಮಾರು 530. ಇನ್ನೂ ಸ್ವಾರಸ್ಯವೆಂದರೆ, ತಾಮ್ರ ಎಷ್ಟು ಎಲೆಕ್ಟ್ರಾನ್ ಕೊಟ್ಟು ಕೂತಿದೆ ಎಂಬುದರ ಮೇಲೆ ಈ ಅಂಕಿ ಸ್ವಲ್ಪ ಸರಿಯುತ್ತದೆ, ಗುರುತಿನ ಆಕಾರವೂ ಬದಲಾಗುತ್ತದೆ. ಎರಡು ಕೊಟ್ಟ ತಾಮ್ರದ ದೊಡ್ಡ ಗುರುತಿನ ಪಕ್ಕ ಒಂದು ಮರಿ ಗುರುತು ಇರುತ್ತದೆ. ಒಂದೇ ಕೊಟ್ಟ ತಾಮ್ರಕ್ಕೆ ಆ ಮರಿ ಇರುವುದಿಲ್ಲ. ಮೂರು ಕೊಟ್ಟಿದ್ದರೆ ಗುರುತು ಇನ್ನೂ ಮೇಲಿನ ಅಂಕಿಗೆ ಸರಿಯಬೇಕು.

ಬೆಂಗಳೂರಿನಲ್ಲಿ ಇಂಥ ಉಪಕರಣ ಇತ್ತು. ಇಂಗ್ಲೆಂಡಿನ ವಿ.ಜಿ. ಕಂಪನಿಯ 'ಎಸ್ಕಾ-3' ಯಂತ್ರ. ಅದರ ಮೇಲೆ ಕೈ ಪಳಗಿದವರೂ ಇದ್ದರು. ಕೋಲ್ಕತ್ತದಲ್ಲಿ ಹುಟ್ಟಿ, 1982ರಲ್ಲಿ ರಾವ್ ಅವರ ಬಳಿಯೇ ಪಿಎಚ್‌ಡಿ ಮುಗಿಸಿ, ಜರ್ಮನಿಯಲ್ಲಿ ಕೆಲಸ ಮಾಡಿ ಬಂದ ಡಿ.ಡಿ. ಶರ್ಮಾ ಅವರಲ್ಲಿ ಮುಖ್ಯರು. ಹೊಸ ವಸ್ತು ಜಗತ್ತಿಗೆ ಕಂಡ ಕೆಲವೇ ತಿಂಗಳಲ್ಲಿ ಅದರ ಎಲೆಕ್ಟ್ರಾನುಗಳನ್ನು ಎಳೆದು ಕೇಳುವ ಕೆಲಸ ಇಲ್ಲಿ ನಡೆಯಲು ಹತ್ತು ವರ್ಷದ ಈ ತಯಾರಿಯೇ ಕಾರಣ. ಹಬ್ಬದ ದಿನ ಬಾವಿ ತೋಡಿದರೆ ನೀರು ಬರುವುದಿಲ್ಲ.

ನಿಂತ ಮಾತು

1987ರಲ್ಲೇ ಶರ್ಮಾ, ಶ್ರೀಧರ್, ಗಂಗೂಲಿ, ರಾವ್ ಅವರ ಲೇಖನ ಅಮೆರಿಕದ 'ಫಿಸಿಕಲ್ ರಿವ್ಯೂ ಬಿ' ಪತ್ರಿಕೆಯಲ್ಲಿ ಬಂತು. ಅತಿವಾಹಕವಾಗುವ ಮೊದಲೂ ಆದಮೇಲೂ, ಎರಡೂ ಸ್ಥಿತಿಯಲ್ಲಿ ಕಪ್ಪು ಬಿಲ್ಲೆಯ ಎಲೆಕ್ಟ್ರಾನ್ ರೋಹಿತವನ್ನು ಅವರು ತೆಗೆದಿದ್ದರು.

ತಾಮ್ರದ ಗುರುತು ಮೇಲಕ್ಕೆ ಸರಿದಿರಲಿಲ್ಲ. ಮೂರು ಎಲೆಕ್ಟ್ರಾನ್ ಕೊಟ್ಟ ತಾಮ್ರ ಅಲ್ಲಿ ಇರಲಿಲ್ಲ.

ಅಂದರೆ ಆ ಒಂದರ ಕೊರತೆಯನ್ನು ತಾಮ್ರದ ಖಾತೆಗೆ ಬರೆಯುವಂತಿಲ್ಲ. ಉಳಿದದ್ದು ಆಮ್ಲಜನಕದ ಖಾತೆ. ಖಾಲಿ ಸೀಟು ಇರುವುದು ಆಮ್ಲಜನಕದ ಸಾಲಿನಲ್ಲಿ. ಜಪಾನಿನಲ್ಲಿ ಅತ್ಸುಶಿ ಫುಜಿಮೊರಿ ಮತ್ತು ಜೊತೆಗಾರರು ಅದೇ ವರ್ಷ ರೋಹಿತಗಳಿಂದ ಇದೇ ದಿಕ್ಕಿನ ಮಾತು ಹೇಳಿದರು. 1988ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ತಂಡ ಬೇರೊಂದು ವಿಧಾನ ಹಿಡಿಯಿತು. ವಸ್ತುವಿನ ಮೂಲಕ ಎಲೆಕ್ಟ್ರಾನ್ ಕಿರಣ ಹಾಯಿಸಿ ಎಷ್ಟು ಶಕ್ತಿ ಕಳೆದುಕೊಂಡಿತು ಎಂದು ಅಳೆದು, ಖಾಲಿ ಜಾಗ ಆಮ್ಲಜನಕದ್ದೇ ಎಂದು ನೇರವಾಗಿ ತೋರಿಸಿತು. ಅದೇ ವರ್ಷ ಜಾಂಗ್ ಮತ್ತು ರೈಸ್ ಎಂಬ ಸಿದ್ಧಾಂತಿಗಳು ಆಮ್ಲಜನಕದ ಮೇಲಿನ ಖಾಲಿ ಜಾಗ ನಡುವಿನ ತಾಮ್ರದ ಜೊತೆ ಹೇಗೆ ಕೈ ಹಿಡಿದು ಓಡಾಡುತ್ತದೆ ಎಂದು ಬರೆದರು. ಇವತ್ತು ಈ ವಿಷಯ ಓದುವ ಪ್ರತಿ ವಿದ್ಯಾರ್ಥಿಯೂ ಕಲಿಯುವುದು ಅದನ್ನೇ.

ಬೇರೆ ಬೇರೆ ಊರು, ಬೇರೆ ಬೇರೆ ಯಂತ್ರ, ಒಂದೇ ಉತ್ತರ. ವಿಜ್ಞಾನದಲ್ಲಿ ಮಾತು ನಿಲ್ಲುವುದು ಹೀಗೆ.

ನಿಲ್ಲದ ಮಾತು

ಬೆಂಗಳೂರಿನ ಲೇಖನ ಇನ್ನೊಂದು ಮಾತನ್ನೂ ಹೇಳಿತ್ತು. ಆಮ್ಲಜನಕದ ರೋಹಿತದಲ್ಲಿ ಒಂದರ ಬದಲು ಎರಡು ಗುರುತು ಕಂಡಿದ್ದವು. ಎಲೆಕ್ಟ್ರಾನ್ ಕಡಿಮೆಯಾದ ಎರಡು ಆಮ್ಲಜನಕಗಳು ಹತ್ತಿರ ಬಂದು ಜೋಡಿ ಕಟ್ಟಿಕೊಳ್ಳುತ್ತಿವೆ, ಎರಡನೇ ಗುರುತು ಅದರದ್ದು ಎಂದು ಅವರು ಓದಿದರು. ಅತಿವಾಹಕತೆಗೂ ಜೋಡಿಗೂ ಸಂಬಂಧ ಇರುವುದರಿಂದ ಕೇಳಲು ಸೊಗಸಾದ ಕಲ್ಪನೆ.

ಆದರೆ ಈ ವಿಧಾನಕ್ಕೆ ಒಂದು ಮಿತಿ ಇದೆ. ಎಕ್ಸ್-ರೇ ಆಳಕ್ಕೆ ಹೋಗುತ್ತದೆ, ನಿಜ. ಆದರೆ ದಾರಿಯಲ್ಲಿ ಶಕ್ತಿ ಕಳೆದುಕೊಳ್ಳದೆ ಹೊರಬರುವ ಎಲೆಕ್ಟ್ರಾನ್‌ಗಳು ತೀರಾ ಮೇಲಿನ ಕೆಲವೇ ಅಣುಪದರದವು. ಬಾವಿಯ ಮೇಲಿನ ಪಾಚಿ ನೋಡಿ ತಳದ ನೀರಿನ ರುಚಿ ಹೇಳಬೇಕಾದ ಪಾಡು. ಈ ಕಪ್ಪು ಬಿಲ್ಲೆಯಂತೂ ಗಾಳಿಗೆ ಇಟ್ಟರೆ ತೇವ, ಇಂಗಾಲದ ಡೈಆಕ್ಸೈಡು ಹೀರಿ ಮೈಮೇಲೆ ತೆಳ್ಳನೆಯ ಬೂದಿ ಕಟ್ಟಿಕೊಳ್ಳುವ ಜಾತಿ. ಆ ಬೂದಿಯಲ್ಲೂ ಆಮ್ಲಜನಕ ಇರುತ್ತದೆ, ಅದರ ಗುರುತೂ ಸರಿಸುಮಾರು ಅದೇ ಜಾಗಕ್ಕೆ ಬೀಳುತ್ತದೆ.

ಮುಂದಿನ ವರ್ಷಗಳಲ್ಲಿ ಪುಡಿ ಒತ್ತಿದ ಬಿಲ್ಲೆಯ ಬದಲು ಒಳ್ಳೆಯ ಹರಳುಗಳು ಬಂದವು. ಅವನ್ನು ನಿರ್ವಾತದ ಪೆಟ್ಟಿಗೆಯೊಳಗೇ ಸೀಳಿ, ಗಾಳಿ ಸೋಕದ ಹೊಸ ಮುಖ ನೋಡಿದಾಗ ಎರಡನೇ ಗುರುತು ಬಹುಪಾಲು ಮಾಯವಾಯಿತು. ಅದು ಹೆಚ್ಚಾಗಿ ಮೇಲಿನ ಕೊಳೆಯ ಗುರುತು ಎಂದು ಎಲ್ಲರೂ ಒಪ್ಪಿದರು. ಬೆಂಗಳೂರು ಒಂದೇ ಅಲ್ಲ, ಆ ಅವಸರದ ವರ್ಷದಲ್ಲಿ ಎಷ್ಟೋ ದೇಶಗಳ ಎಷ್ಟೋ ತಂಡಗಳ ರೋಹಿತದಲ್ಲಿ ಈ ಕೊಳೆ ಕೂತಿತ್ತು.

ಒಂದೇ ಲೇಖನ, ಒಂದೇ ಯಂತ್ರ, ಒಂದೇ ಬಿಲ್ಲೆ. ತಾಮ್ರದ ಬಗ್ಗೆ ಹೇಳಿದ್ದು ಉಳಿಯಿತು, ಆಮ್ಲಜನಕ ಜೋಡಿಯ ಮಾತು ಹೋಯಿತು. ಖಾಲಿ ಸೀಟು ಆಮ್ಲಜನಕದ್ದು ಎಂಬ ಮುಖ್ಯ ತೀರ್ಮಾನಕ್ಕೆ ಇದರಿಂದ ಧಕ್ಕೆ ಬರಲಿಲ್ಲ. ಯಾಕೆಂದರೆ ಅದನ್ನು ಬೇರೆಯವರು ಬೇರೆ ದಾರಿಯಿಂದ ಬಂದು ಕಂಡಿದ್ದರು.

ಆಮೇಲೆ ಏನಾಯಿತು?

ಕೇಂದ್ರ ಸರ್ಕಾರ ಅತಿವಾಹಕತೆಗಾಗಿ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. 1989ರಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಆರಂಭವಾಯಿತು. ಈಗ ಅದು ಜಕ್ಕೂರಿನಲ್ಲಿದೆ. ರಾವ್ ಮತ್ತು ಸಿದ್ಧಾಂತಿ ಟಿ.ವಿ. ರಾಮಕೃಷ್ಣನ್ ಸೇರಿ ಹೊಸಬರಿಗಾಗಿ ಅತಿವಾಹಕತೆಯ ಪುಸ್ತಕವನ್ನೇ ಬರೆದರು. ರಾವ್ ಅವರಿಗೆ ಭಾರತರತ್ನ ಘೋಷಣೆಯಾದದ್ದು 2013ರಲ್ಲಿ.

ಅತ್ತ ದಾಖಲೆಗಳು ಏರಿದವು. 1993ರಲ್ಲಿ ಪಾದರಸ ಸೇರಿದ ತಾಮ್ರದ ಆಕ್ಸೈಡು ಮೈನಸ್ 140 ಡಿಗ್ರಿ ಮುಟ್ಟಿತು. ರೋಹಿತದ ಕಣ್ಣೂ ಚೂಪಾಯಿತು. ಎಲೆಕ್ಟ್ರಾನ್ ಎಷ್ಟು ವೇಗದಲ್ಲಿ ಹಾರಿತು ಎಂಬುದರ ಜೊತೆಗೆ ಯಾವ ಕೋನದಲ್ಲಿ ಹಾರಿತು ಎಂದೂ ಅಳೆಯತೊಡಗಿದರು. ಕೋನ ಗೊತ್ತಾದರೆ, ಒಳಗಿದ್ದಾಗ ಅದು ಯಾವ ದಿಕ್ಕಿಗೆ ಓಡುತ್ತಿತ್ತು ಎಂಬುದೂ ಗೊತ್ತಾಗುತ್ತದೆ. 1993ರಲ್ಲಿ ಸ್ಟ್ಯಾನ್‌ಫರ್ಡಿನ ಜಿ-ಶುನ್ ಶೆನ್ ತಂಡ ಹೀಗೆ ಅಳೆದು, ಜೋಡಿ ಮುರಿಯಲು ಬೇಕಾದ ಶಕ್ತಿ ಎಲ್ಲ ದಿಕ್ಕಿನಲ್ಲೂ ಒಂದೇ ಅಲ್ಲ ಎಂದು ತೋರಿಸಿತು. ಕೆಲವು ದಿಕ್ಕಿನಲ್ಲಿ ಜೋಡಿ ಗಟ್ಟಿ, ಕೆಲವು ದಿಕ್ಕಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. 1957ರ ಹಳೆಯ ಸಿದ್ಧಾಂತದ ಲೋಹಗಳಲ್ಲಿ ಇಂಥದ್ದು ಇರಲಿಲ್ಲ.

ಇಂಥ ಅಳತೆಗೆ ಸಿಂಕ್ರೊಟ್ರಾನ್ ಎಂಬ ಭಾರೀ ಯಂತ್ರದಿಂದ ಬರುವ ಹೊಳಪಿನ ಕಿರಣವನ್ನು ಹೆಚ್ಚಾಗಿ ಬಳಸುತ್ತಾರೆ. ನಮ್ಮ ದೇಶದಲ್ಲಿ ಅಂಥವು ಇರುವುದು ಇಂದೋರಿನಲ್ಲಿ. ಭಾರತದ ಸಂಶೋಧಕರು ಇಟಲಿಯ ಟ್ರೀಯೆಸ್ಟ್, ಜರ್ಮನಿಯ ಹ್ಯಾಂಬರ್ಗ್‌ವರೆಗೂ ಮಾದರಿ ಹೊತ್ತು ಹೋಗುತ್ತಾರೆ. ಅಲ್ಲಿ ಭಾರತದವರಿಗೆ ಕಿರಣದ ಪಾಲು ಸಿಗುವಂತೆ ಮಾಡಿದ ಒಪ್ಪಂದಗಳಲ್ಲಿ ಬೆಂಗಳೂರಿನ ಈ ಎರಡು ಸಂಸ್ಥೆಗಳ ಕೈ ಇದೆ.

ಎಲ್ಲದಕ್ಕೂ ಎಕ್ಸ್-ರೇಯೇ ಬೇಕೆಂದಿಲ್ಲ. 1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ ಸಿ.ವಿ. ರಾಮನ್ ಕಂಡ ಪರಿಣಾಮವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ವಸ್ತುವಿನ ಮೇಲೆ ಬಿದ್ದ ಬೆಳಕಿನ ಸ್ವಲ್ಪ ಭಾಗ ಬಣ್ಣ ಬದಲಿಸಿ ಚೆದುರುತ್ತದೆ. ಆ ಬದಲಾವಣೆಯಲ್ಲಿ ಅಣುಗಳ ನಡುಕ, ಎಲೆಕ್ಟ್ರಾನ್‌ಗಳ ಜಿಗಿತ ಎರಡರ ಸುಳಿವೂ ಇರುತ್ತದೆ. 2008ರಲ್ಲಿ ಜಪಾನಿನಿಂದ ಕಬ್ಬಿಣದ ಹೊಸ ಜಾತಿಯ ಅತಿವಾಹಕಗಳು ಬಂದಾಗ, ಐಐಎಸ್‌ಸಿಯ ಎ.ಕೆ. ಸೂದ್ ಮತ್ತು ಜೊತೆಗಾರರು ಕಬ್ಬಿಣ ಮತ್ತು ಸೆಲೆನಿಯಂ ಸೇರಿದ ಅತಿವಾಹಕವನ್ನು ರಾಮನ್ ವಿಧಾನದಿಂದಲೇ ಪರೀಕ್ಷಿಸಿ, ಎಲೆಕ್ಟ್ರಾನ್‌ಗಳಿಂದ ಬಂದ ಗುರುತುಗಳನ್ನು 2010ರಲ್ಲಿ ವರದಿ ಮಾಡಿದರು. ರಾಮನ್ 1933ರಿಂದ ಕೆಲಸ ಮಾಡಿದ ಕ್ಯಾಂಪಸ್ಸಿನಲ್ಲೇ.

2018ರ ಜುಲೈಯಲ್ಲಿ ಅದೇ ಕ್ಯಾಂಪಸ್ಸು ಬೇರೊಂದು ಕಾರಣಕ್ಕೆ ಸುದ್ದಿಯಾಯಿತು. ಚಿನ್ನದೊಳಗೆ ಬೆಳ್ಳಿಯ ಅತಿಸಣ್ಣ ಕಣ ಹುದುಗಿಸಿದ ವಸ್ತು ಮೈನಸ್ 37 ಡಿಗ್ರಿಯಲ್ಲೇ ಅತಿವಾಹಕವಾಗುತ್ತದೆ ಎಂದು ಇಬ್ಬರು ಸಂಶೋಧಕರು ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಅಮೆರಿಕದ ಎಂಐಟಿಯ ಭೌತವಿಜ್ಞಾನಿಯೊಬ್ಬರು, ಬೇರೆ ಬೇರೆ ಅಳತೆಯ ಎರಡು ಗೆರೆಗಳಲ್ಲಿ ಸಣ್ಣಪುಟ್ಟ ಏರಿಳಿತ ಒಂದೇ ಥರ ಇದೆಯಲ್ಲ, ಹೇಗೆ ಎಂದು ಕೇಳಿದರು. ಮರುವರ್ಷ ಇನ್ನಷ್ಟು ಜನ ಸೇರಿ ಹೆಚ್ಚಿನ ಅಳತೆಗಳೊಂದಿಗೆ ಮತ್ತೆ ಬರೆದರು. ವಿಜ್ಞಾನ ಲೋಕ ಅದನ್ನು ಇನ್ನೂ ಒಪ್ಪಿಕೊಂಡಿಲ್ಲ. 1987ರಲ್ಲಿ ಉಳಿದ ಮಾತು ಯಾಕೆ ಉಳಿಯಿತು ಎಂಬುದು ಇದರ ಪಕ್ಕ ಇಟ್ಟು ನೋಡಿದರೆ ಸ್ಪಷ್ಟವಾಗುತ್ತದೆ. ಎಷ್ಟು ಊರಿನ ಎಷ್ಟು ಜನ ಅದನ್ನು ತಮ್ಮ ಕೈಯಾರೆ ಮಾಡಿ ನೋಡಿದರು ಎಂಬುದೇ ಅಳತೆಗೋಲು.

ನಮ್ಮ ತಂತಿಗೆ ಯಾವಾಗ?

ಈ ಕಥೆ ಹೇಳಿದಾಗಲೆಲ್ಲ ಬರುವ ಪ್ರಶ್ನೆ ಇದು. ಜರ್ಮನಿಯ ಎಸೆನ್ ನಗರದಲ್ಲಿ 2014ರಲ್ಲಿ ಒಂದು ಕಿಲೋಮೀಟರ್ ಉದ್ದದ ಇಂಥ ಕೇಬಲ್ ಹಾಕಿ ವಿದ್ಯುತ್ ಹರಿಸಿದರು, ದ್ರವ ಸಾರಜನಕದ ತಣ್ಪಿನಲ್ಲೇ. ಅಂದರೆ ಸಾಧ್ಯ ಇದೆ. ಆದರೆ ಈ ವಸ್ತು ತಾಮ್ರದ ತಂತಿಯಂತೆ ಬಾಗುವುದಿಲ್ಲ, ಮಡಕೆಯಂತೆ ಒಡೆಯುತ್ತದೆ. ಪಟ್ಟಿ ಮೇಲೆ ತೆಳ್ಳಗೆ ಹಚ್ಚಬೇಕು. ಉದ್ದಕ್ಕೂ ತಣ್ಪು ಕಾಯಬೇಕು. ಟೀಸಿಯಿಂದ ತೋಟದವರೆಗೆ ಬರಲು ಬಹಳ ಕಾಲ ಬೇಕು.

ತಣ್ಪೇ ಬೇಡದ ವಸ್ತು ಸಿಕ್ಕರೆ ಮಾತು ಬೇರೆ. ಅದನ್ನು ಕಣ್ಣು ಮುಚ್ಚಿ ಬೆರೆಸಿ ಸುಟ್ಟು ಹುಡುಕುವ ಬದಲು ಲೆಕ್ಕ ಹಾಕಿ ಮಾಡಬೇಕಾದರೆ, ತಾಮ್ರದ ಆಕ್ಸೈಡಿನಲ್ಲಿ ಖಾಲಿ ಸೀಟುಗಳು ಜೋಡಿಯಾಗುವುದು ಯಾರ ಮಧ್ಯಸ್ಥಿಕೆಯಿಂದ ಎಂದು ತಿಳಿಯಬೇಕು. ಮೂವತ್ತೈದು ವರ್ಷ ದಾಟಿದರೂ ಎಲ್ಲರೂ ಒಪ್ಪುವ ಉತ್ತರ ಬಂದಿಲ್ಲ. ಖಾಲಿ ಸೀಟು ಎಲ್ಲಿದೆ ಎಂಬುದು ಮಾತ್ರ ಗೊತ್ತಾಗಿದೆ. ಅಷ್ಟನ್ನು ತಿಳಿಸಿದವರ ಪಟ್ಟಿಯಲ್ಲಿ ಬೆಂಗಳೂರಿನ ಹೆಸರಿದೆ.

ಉಳಿದ ಪ್ರಶ್ನೆ ತೆರೆದೇ ಇದೆ. ಈ ಸಲ ಪಶು ಆಸ್ಪತ್ರೆಗೆ ಹಸು ಹೊಡೆದುಕೊಂಡು ಹೋದಾಗ, ಬಿಳಿ ಹೊಗೆ ಉಕ್ಕುವ ಆ ಕ್ಯಾನನ್ನು ನಿಮ್ಮ ಮಕ್ಕಳಿಗೆ ತೋರಿಸಿ. ಉತ್ತರ ಹುಡುಕುವವರು ಹೊಸೂರಿನಂಥ ಹಳ್ಳಿಯಿಂದಲೂ ಬರಬಹುದು.